ಕಾಗೋಡಿನ ಕಣದಿಂದ ಡಿಕ್ಲರೇಷನ್‌ವರೆಗೆ

ಕಾಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿ. 1951ರಲ್ಲಿ ಅಲ್ಲಿನ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೆ ಇಳಿದು ಜೈಲಿಗೆ ಹೋದರು. ಇಪ್ಪತ್ಮೂರು ವರ್ಷಗಳಾದ ಮೇಲೆ, 1974ರ ಮಾರ್ಚ್ 1ರಂದು, ಇಡೀ ಕರ್ನಾಟಕದಲ್ಲಿ ಗೇಣಿ ಪದ್ಧತಿಯೇ ಕಾನೂನಿನ ಪ್ರಕಾರ ಇಲ್ಲವಾಯಿತು. ಈ ಎರಡು ದಿನಗಳ ನಡುವಿನ ದಾರಿ ನೇರವಾಗಿಲ್ಲ. ಆದರೆ ಒಂದು ಊರಿನ ತಕರಾರು ಹೇಗೆ ಸಂಘವಾಯಿತು, ಸಂಘ ಹೇಗೆ ಶಾಸನಸಭೆಯ ದನಿಯಾಯಿತು, ಕೊನೆಗೆ ಹೇಗೆ ಕಾಯ್ದೆಯಾಯಿತು ಎಂಬುದನ್ನು ತೋರಿಸಲು ಕನ್ನಡನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಲೆನಾಡಿನಲ್ಲಿ ಆಗ ಭೂಮಿ ಇದ್ದವರು ಉಳುತ್ತಿರಲಿಲ್ಲ, ಉಳುವವರಿಗೆ ಭೂಮಿ ಇರಲಿಲ್ಲ. ಗದ್ದೆಯ ಒಡೆತನ ಕೆಲವೇ ಮನೆತನಗಳದ್ದು. ಉಳುವವರಲ್ಲಿ ಬಹುಪಾಲು ದೀವರು, ಅವರ ಜೊತೆಗೆ ದಲಿತರು ಮತ್ತು ಇತರ ಸಣ್ಣ ಸಮುದಾಯಗಳವರು. ಗೇಣಿಯ ಕರಾರು ಹೆಚ್ಚಾಗಿ ಬಾಯಿಮಾತಿನದು. ಅಜ್ಜನ ಕಾಲದಿಂದ ಒಂದೇ ಗದ್ದೆಯನ್ನು ಉತ್ತು ಬಂದರೂ ಅದನ್ನು ತೋರಿಸಲು ಕೈಯಲ್ಲೊಂದು ಚೀಟಿ ಇರುತ್ತಿರಲಿಲ್ಲ. ಒಡೆಯರಿಗೆ ಮುನಿಸು ಬಂದರೆ ಮುಂದಿನ ಮಳೆಗಾಲಕ್ಕೆ ಆ ಗದ್ದೆ ಬೇರೆಯವರ ಪಾಲು. ಅಳೆದ ಗೇಣಿಗೆ ರಸೀದಿ ಇಲ್ಲ, ಒಡೆಯರ ಮನೆಯ ಕೆಲಸಕ್ಕೆ ಕೂಲಿ ಇಲ್ಲ. ಅವರೆದುರು ಹೇಗೆ ನಿಲ್ಲಬೇಕು, ಮೈಮೇಲೆ ಬಟ್ಟೆ ಎಷ್ಟು ಇರಬೇಕು ಎಂಬುದಕ್ಕೂ ಕಟ್ಟಳೆ. ಹೊಟ್ಟೆಯ ಪ್ರಶ್ನೆಯಷ್ಟೇ ಇದು ಮಾನದ ಪ್ರಶ್ನೆಯೂ ಆಗಿತ್ತು. ಕಾಗೋಡನ್ನು ಕೇವಲ ಭತ್ತದ ಜಗಳವೆಂದು ಬರೆದವರು ಅರ್ಧ ಕಥೆಯನ್ನಷ್ಟೇ ಹೇಳಿದ್ದಾರೆ.

ಭತ್ತದ ಜಗಳವಂತೂ ಇತ್ತು. ಅದರ ಕೇಂದ್ರದಲ್ಲಿದ್ದದ್ದು ಕೊಳಗ. ಕೊಯ್ಲು ಮುಗಿದು ಬಡಿದ ಭತ್ತ ಕಣದಲ್ಲಿ ರಾಶಿ ಬಿದ್ದಾಗ ಒಡೆಯರ ಕಡೆಯವರು ಅಳೆಯಲು ಬರುತ್ತಿದ್ದರು. ಗೇಣಿ ಇಷ್ಟು ಖಂಡುಗ ಎಂದು ಗೊತ್ತಾಗಿರುತ್ತಿತ್ತು. ಆದರೆ ಅಳೆಯುವ ಕೊಳಗ ಒಡೆಯರದು, ಅದು ಇರಬೇಕಾದ್ದಕ್ಕಿಂತ ದೊಡ್ಡದು. ಪ್ರತಿ ಕೊಳಗದಲ್ಲಿ ಹೆಚ್ಚಿಗೆ ಹೋಗುವುದು ಸ್ವಲ್ಪವೇ ಆದರೂ, ರಾಶಿ ಮುಗಿಯುವ ಹೊತ್ತಿಗೆ ಒಂದು ಸಂಸಾರ ಮಳೆಗಾಲದಲ್ಲಿ ಉಣ್ಣಬೇಕಾದ ಕಾಳು ಒಡೆಯರ ಕಣಜ ಸೇರಿರುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದನ್ನು ಬಾಯಿಬಿಟ್ಟು ಹೇಳಲು ಮಾತ್ರ ಒಬ್ಬೊಬ್ಬರಾಗಿ ಯಾರಿಗೂ ಧೈರ್ಯವಿರಲಿಲ್ಲ.

ಪಕ್ಕದ ಉತ್ತರ ಕನ್ನಡದಲ್ಲಿ ಈ ಧೈರ್ಯ ಇನ್ನೂ ಮೊದಲೇ ಮೂಡಿತ್ತು. ಚುಟುಕಗಳ ಕವಿ ಎಂದೇ ಇಂದು ಹೆಚ್ಚು ಪರಿಚಿತರಾದ ದಿನಕರ ದೇಸಾಯಿ ಅಂಕೋಲೆಯ ಸುತ್ತಿನ ಗೇಣಿದಾರರನ್ನು ಸಂಘಟಿಸಿದ್ದರು. ಬ್ರಿಟಿಷ್ ಸರ್ಕಾರ ಅದಕ್ಕಾಗಿಯೇ 1940ರಲ್ಲಿ ಅವರನ್ನು ಸ್ವಂತ ಜಿಲ್ಲೆಯಿಂದ ಗಡೀಪಾರು ಮಾಡಿತು. ಶಾಲೆಯ ಮಕ್ಕಳಿಗೆ ಅವರ ಚುಟುಕಗಳು ಬಾಯಿಪಾಠವಾಗಿವೆ. ರೈತರ ಕೂಟ ಕಟ್ಟಿದ ದೇಸಾಯಿ ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ, ಅದೊಂದು ನಷ್ಟ.

ಸಾಗರದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಎಚ್. ಗಣಪತಿಯಪ್ಪ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅವರು ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದರು. ಸಂಘವು ಮೊದಲು ಕೇಳಿದ್ದು ಭೂಮಿಯನ್ನಲ್ಲ. ಅಳತೆ ಸರಿಯಾದ ಕೊಳಗದಲ್ಲಿ ಆಗಲಿ, ಅಳೆದದ್ದಕ್ಕೆ ರಸೀದಿ ಸಿಗಲಿ, ಬಿಟ್ಟಿ ದುಡಿಮೆ ನಿಲ್ಲಲಿ ಎಂದಷ್ಟೇ ಕೇಳಿತು. ದೊಡ್ಡ ಘೋಷಣೆಗೆ ಹೆದರಿ ಹಿಂದೆ ಸರಿಯುವ ಗೇಣಿದಾರನೂ, ನ್ಯಾಯದ ಕೊಳಗದಲ್ಲಿ ಅಳೆಯಿರಿ ಎನ್ನುವ ಮಾತನ್ನು ಮನಸ್ಸಿನಲ್ಲಾದರೂ ಒಪ್ಪಲೇಬೇಕು. ಮೇಲಿನಿಂದ ಯಾರೋ ತಂದು ಹೇರಿದ ಬೇಡಿಕೆಯಲ್ಲ ಅದು, ಕಣದಲ್ಲೇ ಹುಟ್ಟಿದ್ದು. ಬೇಡಿಕೆ ಚಿಕ್ಕದಾಗಿ ಕಂಡರೂ ಒಡೆಯರಿಗೆ ಅದರ ಒಳಗುಟ್ಟು ತಿಳಿಯಿತು. ರಸೀದಿ ಎಂದರೆ ದಾಖಲೆ. ದಾಖಲೆ ಇದ್ದವನನ್ನು ಗದ್ದೆಯಿಂದ ಎಬ್ಬಿಸುವುದು ಸುಲಭವಲ್ಲ.

ಕಾಗೋಡಿನಲ್ಲಿ ಮಾತುಕತೆ ಮುರಿದುಬಿತ್ತು. ಅಲ್ಲಿನ ಭೂಮಾಲೀಕರು ಒಡೆಯರ್ ಮನೆತನದವರು. ಅದೇ ಮನೆತನದ ಕೆ. ಜಿ. ಒಡೆಯರ್ 1952ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಆಯ್ಕೆಯಾದರು ಎಂದರೆ ಆಗ ಆಳುವ ಪಕ್ಷಕ್ಕೂ ಭೂಮಾಲೀಕರಿಗೂ ಎಂಥ ಹತ್ತಿರದ ನಂಟು ಇತ್ತೆಂಬುದು ಅರ್ಥವಾಗುತ್ತದೆ. ಸಂಘಕ್ಕೆ ಸೇರಿದ ಗೇಣಿದಾರರಿಗೆ ಗದ್ದೆ ಉಳುವುದು ಬೇಡವೆಂದು ಹೇಳಲಾಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು.

ಸತ್ಯಾಗ್ರಹದ ರೀತಿ ಬಹಳ ಸರಳ. ತಂಡ ತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ತಡೆದರೆ ಅಲ್ಲೇ ನಿಲ್ಲುವುದು, ಪೊಲೀಸರು ಹಿಡಿದರೆ ಹೋಗುವುದು. ಮರುದಿನ ಇನ್ನೊಂದು ತಂಡ. ಅಕ್ಕಪಕ್ಕದ ಊರುಗಳಿಂದಲೂ ಜನ ಬಂದರು. ಹೆಂಗಸರು ಬಂದರು. ನೂರಾರು ಮಂದಿಯ ಬಂಧನವಾಯಿತು. ಮನೆಯಲ್ಲಿ ದುಡಿಯುವ ಕೈ ಜೈಲಿನಲ್ಲಿ, ತಲೆಯ ಮೇಲೆ ಮುಂಗಾರು, ಗದ್ದೆ ಪಾಳು. ನಾಳೆಯ ಗಂಜಿಗೆ ದಾರಿ ಕಾಣದ ಸಂಸಾರಗಳು ಹಟ ಬಿಡದೆ ನಿಂತವು ಎಂಬುದನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಹೋರಾಟದ ಹೊಣೆಯನ್ನು ಸಮಾಜವಾದಿ ಪಕ್ಷ ಹೊತ್ತುಕೊಂಡಾಗ ಕಾಗೋಡು ಜಿಲ್ಲೆಯ ಗಡಿ ದಾಟಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದರು. ಉತ್ತರ ಪ್ರದೇಶದ ಅಕ್ಬರಪುರದಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡಿ, ದೇಶಕ್ಕೆಲ್ಲ ಗೊತ್ತಿದ್ದ ನಾಯಕ ಮಲೆನಾಡಿನ ಮಳೆಯಲ್ಲಿ ಗೇಣಿದಾರರ ಜೊತೆ ನಿಂತದ್ದು ಸಣ್ಣ ಮಾತಲ್ಲ. ಸಾಗರದ ರೈಲು ನಿಲ್ದಾಣದಲ್ಲಿ ರಾತ್ರಿ ಹೊತ್ತು ಪೊಲೀಸರು ಅವರನ್ನು ಬಂಧಿಸಿದರು. ಆ ಬಂಧನದ ಸುದ್ದಿ ದೆಹಲಿ ತಲುಪಿತು. ಬೆಂಗಳೂರಿನ ಸರ್ಕಾರ ಅದುವರೆಗೆ ಒಂದು ಹಳ್ಳಿಯ ಗಲಾಟೆ ಎಂದುಕೊಂಡಿದ್ದು ದೇಶ ಗಮನಿಸುವ ವಿಷಯವಾಯಿತು.

ಆದರೆ ಲೋಹಿಯಾ ಬಂದು ಹೋದವರು. ಕಾಗೋಡನ್ನು ಬದುಕಿನುದ್ದಕ್ಕೂ ಹೊತ್ತು ನಡೆದವರು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯಲ್ಲಿ 1923ರಲ್ಲಿ ಹುಟ್ಟಿದ ಗೌಡರು ಹುಡುಗನಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ಕಂಡವರು. ಕಾಗೋಡಿನ ಹೊತ್ತಿಗೆ ಅವರಿಗೆ ಇಪ್ಪತ್ತೆಂಟು. ಹಳ್ಳಿ ಹಳ್ಳಿ ನಡೆದು ಜನರನ್ನು ಸೇರಿಸಿದರು. 1952ರಲ್ಲಿ ಮೊದಲ ಮಹಾಚುನಾವಣೆ ಬಂದಾಗ ಸಾಗರ–ಹೊಸನಗರ ಕ್ಷೇತ್ರದ ಮತದಾರರು ಅವರನ್ನು ಶಾಸನಸಭೆಗೆ ಕಳಿಸಿದರು. ನಿನ್ನೆಯವರೆಗೆ ಒಡೆಯರೆದುರು ತಲೆಯೆತ್ತದಿದ್ದ ಜನ ಇಂದು ಗುಟ್ಟಾಗಿ ಹಾಕಿದ ಚೀಟಿಯಲ್ಲಿ ತಮ್ಮ ಮನಸ್ಸನ್ನು ಹೇಳಿದರು. ಸತ್ಯಾಗ್ರಹ ನಿಂತಾಗ ಗದ್ದೆಯ ಒಡೆತನ ಅವರ ಕೈಗೆ ಬಂದಿರಲಿಲ್ಲ. ಬಂದದ್ದು ಈ ಶಾಸಕ.

ಗೋಪಾಲಗೌಡರ ಬಳಿ ಆಸ್ತಿಯಿರಲಿಲ್ಲ, ಅಧಿಕಾರವಿರಲಿಲ್ಲ, ಸದನದಲ್ಲಿ ಅವರ ಪಕ್ಷದವರು ಬೆರಳೆಣಿಕೆಯಷ್ಟು. ಇದ್ದದ್ದು ಮಾತು. ಉಳುವವನಿಗೆ ಭೂಮಿ ಎಂಬುದನ್ನೂ, ರಾಜ್ಯದ ಹೆಸರು ಕರ್ನಾಟಕವಾಗಬೇಕು ಎಂಬುದನ್ನೂ ಅವರು ಬಿಡದೆ ಹೇಳಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಅವರ ಸುತ್ತ ಬೆಳೆದ ತರುಣರಲ್ಲಿ ಜೆ. ಎಚ್. ಪಟೇಲ್, ಎಸ್. ಬಂಗಾರಪ್ಪ ಮುಂದೆ ಮುಖ್ಯಮಂತ್ರಿಗಳಾದರು. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಹಿಂದೆ ಗೋಪಾಲಗೌಡರ ನೆರಳಿದೆ. ಅಧಿಕಾರ ಹಿಡಿಯದೆಯೂ ಒಬ್ಬ ರಾಜಕಾರಣಿ ಒಂದು ನಾಡಿನ ಆತ್ಮಸಾಕ್ಷಿಯನ್ನು ಇಷ್ಟು ಕಲಕಿದ್ದು ಅಪರೂಪ.

ನಡುವಿನ ವರ್ಷಗಳ ಕಾನೂನಿನ ಚರಿತ್ರೆ ನೀರಸವಾದದ್ದು, ಅದನ್ನು ಬೇಗ ದಾಟಬಹುದು. 1952ರಲ್ಲಿ ಮೈಸೂರು ಗೇಣಿ ಕಾಯ್ದೆ ಬಂತು. ಅದರ ಹಿಂದೆ ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪನವರ ಶ್ರಮವಿತ್ತು, ಅವರೂ ತೀರ್ಥಹಳ್ಳಿಯ ಕಡೆಯವರೇ. ಗೇಣಿಗೆ ಅದು ಮಿತಿ ಹಾಕಿತು, ಗೇಣಿಯನ್ನು ತೆಗೆಯಲಿಲ್ಲ. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಹೈದರಾಬಾದು, ಮದರಾಸು, ಕೊಡಗು ಕಡೆಗಳಿಂದ ಬೇರೆ ಬೇರೆ ಕಾನೂನುಗಳೂ ಜೊತೆಗೆ ಬಂದವು. ಅವನ್ನು ಒಂದುಗೂಡಿಸಲು ಬಿ. ಡಿ. ಜತ್ತಿಯವರ ಸಮಿತಿ ಕೂತಿತು. 1961ರಲ್ಲಿ ಮೈಸೂರು ಭೂಸುಧಾರಣಾ ಕಾಯ್ದೆ ಅಂಗೀಕಾರವಾಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಗೇಣಿದಾರನಿಂದ ಭೂಮಿಯನ್ನು ವಾಪಸು ಪಡೆಯಲು ಅದರಲ್ಲಿ ಒಡೆಯರಿಗೆ ಅವಕಾಶವಿತ್ತು. ಕಾಯ್ದೆಯ ಅಂಗೀಕಾರಕ್ಕೂ ಜಾರಿಗೂ ನಡುವೆ ಕಳೆದ ನಾಲ್ಕು ವರ್ಷಗಳಲ್ಲಿ ಎಷ್ಟು ಗೇಣಿದಾರರನ್ನು ಎಬ್ಬಿಸಿ ಕಳಿಸಲು ಅನುಕೂಲವಾಯಿತೋ ಊಹಿಸಬಹುದು.

1972ರ ಮಾರ್ಚ್‌ನಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಹುಣಸೂರಿನಿಂದ ಗೆದ್ದು ಅವರು ಶಾಸನಸಭೆಗೆ ಬಂದದ್ದೂ 1952ರಲ್ಲೇ. ಕಾಗೋಡಿನ ದನಿಯನ್ನು ಗೋಪಾಲಗೌಡರು ಸದನಕ್ಕೆ ತಂದಾಗ ಎದುರಿಗೆ ಆಳುವ ಪಕ್ಷದ ಸಾಲಿನಲ್ಲಿ ಅರಸರಿದ್ದರು. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು, ಐವತ್ತು ತುಂಬುವ ಮೊದಲೇ. ಮುಂದಿನ ವರ್ಷದ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದಾಗಿ ನಾಲ್ಕು ತಿಂಗಳಿಗೆ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಬದುಕಿಡೀ ಕೇಳಿದ ಎರಡೂ ಸಂಗತಿಗಳು ಕೈಗೂಡಿದ್ದನ್ನು ನೋಡಲು ಅವರಿರಲಿಲ್ಲ.

1974ರ ತಿದ್ದುಪಡಿ ಹಿಂದಿನವುಗಳಂತಲ್ಲ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿದ್ದು ಎಂದು ಅದು ಹೇಳಿತು. ಸೈನಿಕರು ಮತ್ತು ನಾವಿಕರಿಗೆ ಮಾತ್ರ ವಿನಾಯಿತಿ. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಆ ಭೂಮಿಯನ್ನು ತನ್ನದಾಗಿಸಿಕೊಳ್ಳಬಹುದಿತ್ತು. ಜನ ಇದನ್ನು ಡಿಕ್ಲರೇಷನ್ ಎಂದು ಕರೆದರು, ಹಳ್ಳಿಗಳಲ್ಲಿ ಡಿಕ್ಲರೇಷನ್ ಹಾಕುವುದು ಎಂಬ ಮಾತೇ ಹುಟ್ಟಿಕೊಂಡಿತು. ಅರ್ಜಿಗಳ ವಿಚಾರಣೆಗೆ ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಒಂದು ಕಲಮಿನ ಮಹತ್ವವನ್ನು ಎಷ್ಟು ಹೊಗಳಿದರೂ ಸಾಲದು. ವಕೀಲರನ್ನಿಟ್ಟು ಹತ್ತು ವರ್ಷ ಕೇಸು ಎಳೆಯಬಲ್ಲ ಒಡೆಯ, ಬಸ್ಸಿನ ಚಾರ್ಜಿಗೂ ಸಾಲ ಮಾಡುವ ಒಕ್ಕಲು, ಇಬ್ಬರೂ ಒಂದೇ ಮೇಜಿನೆದುರು ನಿಂತು ತಂತಮ್ಮ ಬಾಯಿಂದಲೇ ಹೇಳಬೇಕಾಯಿತು. ದಾಖಲೆ ಇಲ್ಲದವನಿಗೆ ಅಕ್ಕಪಕ್ಕದ ಗದ್ದೆಯವರ ಸಾಕ್ಷಿಯೇ ಆಧಾರ. ಕಾಗೋಡಿನವರು 1951ರಲ್ಲಿ ರಸೀದಿ ಕೊಡಿ ಎಂದು ಯಾಕೆ ಪಟ್ಟು ಹಿಡಿದಿದ್ದರು ಎಂಬುದು ಈಗ ಎಲ್ಲರಿಗೂ ತಿಳಿಯಿತು.

8 ಲಕ್ಷಕ್ಕೂ ಹೆಚ್ಚು ಡಿಕ್ಲರೇಷನ್‌ಗಳು ಬಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಕಾಯ್ದೆ ಹೆಚ್ಚು ಫಲ ಕೊಟ್ಟಿತು. ಗೇಣಿ ಹೆಚ್ಚಾಗಿದ್ದದ್ದೂ ಅಲ್ಲೇ, ಗೇಣಿದಾರರು ಮೊದಲೇ ಸಂಘಟಿತರಾಗಿದ್ದದ್ದೂ ಅಲ್ಲೇ. ಅರ್ಜಿ ಬರೆದುಕೊಡುವವರು, ಒಡೆಯರ ಬೆದರಿಕೆಗೆ ಬಗ್ಗಬೇಡಿ ಎಂದು ಜೊತೆಗೆ ನಿಲ್ಲುವವರು, ಸಾಕ್ಷಿಗೆ ಬರುವವರು ಊರಿನಲ್ಲಿದ್ದ ಕಡೆ ಕಾಯ್ದೆಗೆ ಜೀವ ಬಂತು. ಅಂಥವರಿಲ್ಲದ ಕಡೆ ಧಣಿಯ ದಾಕ್ಷಿಣ್ಯಕ್ಕೋ ಭಯಕ್ಕೋ ಡಿಕ್ಲರೇಷನ್ ಹಾಕದೆ ಉಳಿದ ಗೇಣಿದಾರರಿದ್ದಾರೆ. ಅವರ ಮಕ್ಕಳು ಇಂದು ಅದೇ ಗದ್ದೆಯ ಬದಿಯಲ್ಲಿ ಕೂಲಿಗೆ ಹೋಗುತ್ತಾರೆ.

ಕಾಯ್ದೆಯ ದೊಡ್ಡ ಕೊರತೆಯೂ ಇಲ್ಲೇ ಇದೆ. ಅದು ಕೈಹಿಡಿದದ್ದು ಗೇಣಿದಾರನನ್ನು, ಗೇಣಿಯೂ ಇಲ್ಲದ ಕೃಷಿಕೂಲಿಯನ್ನಲ್ಲ. ದಲಿತರಲ್ಲಿ ಹೆಚ್ಚಿನವರು ಗೇಣಿದಾರರ ಗದ್ದೆಯಲ್ಲೂ ಕೂಲಿಯವರೇ ಆಗಿದ್ದರು, ಹಾಗೆಯೇ ಉಳಿದರು. ಭೂಮಿತಿಯನ್ನು ಮೀರಿದ ಜಮೀನು ಅವರಿಗೆ ಹಂಚಿಕೆಯಾಗಬೇಕಿತ್ತು. ಸಿಕ್ಕಿದ್ದು ಅತಿ ಕಡಿಮೆ. ಮಿತಿಯಿಂದ ತಪ್ಪಿಸಿಕೊಳ್ಳಲು ಹೆಸರು ಬದಲಿಸಿ, ಪಾಲು ಮಾಡಿ ತೋರಿಸಲು ದೊಡ್ಡ ಹಿಡುವಳಿದಾರರಿಗೆ ಸಮಯವೂ ಇತ್ತು, ಸಲಹೆಗಾರರೂ ಇದ್ದರು. ಗದ್ದೆಗೆ ಇಳಿದು ಜೈಲಿಗೆ ಹೋದ ಹೆಂಗಸರ ಹೆಸರು ಪಹಣಿಯಲ್ಲಿ ಕಾಣುವುದೂ ಅಪರೂಪವೇ, ಡಿಕ್ಲರೇಷನ್ ಬಹುಮಟ್ಟಿಗೆ ಗಂಡಸರ ಹೆಸರಿನಲ್ಲೇ ಆಯಿತು.

ಕಾಗೋಡಿನ ಚರಿತ್ರೆಯನ್ನು ಜಿ. ರಾಜಶೇಖರ ‘ಕಾಗೋಡು ಸತ್ಯಾಗ್ರಹ’ ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆ ಹಳ್ಳಿಯ ದೀವರ ಮನೆಯಲ್ಲಿ ಹುಟ್ಟಿ, ಸತ್ಯಾಗ್ರಹದ ಗಾಳಿಯಲ್ಲೇ ಬೆಳೆದ ಕಾಗೋಡು ತಿಮ್ಮಪ್ಪ ವಿಧಾನಸಭೆಯ ಅಧ್ಯಕ್ಷರಾದರು, 2016ರಲ್ಲಿ ರಾಜ್ಯದ ಕಂದಾಯ ಮಂತ್ರಿಯಾದರು. ಅವರ ಕಾಲದಲ್ಲಿ 1961ರ ಅದೇ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಸೇರಿ, ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳಂಥ ದಾಖಲೆಯಿಲ್ಲದ ವಸತಿಗಳಲ್ಲಿ ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಬಾಳುತ್ತಿದ್ದವರಿಗೆ ಆ ಜಾಗದ ಹಕ್ಕು ಕೊಡಲು ದಾರಿಯಾಯಿತು. 2020ರಲ್ಲಿ ಕಾಯ್ದೆ ಎದುರು ದಿಕ್ಕಿಗೆ ತಿರುಗಿತು. ಕೃಷಿಕರಲ್ಲದವರು ಮತ್ತು ಹೆಚ್ಚು ಆದಾಯವುಳ್ಳವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಲಾಯಿತು. ಅದನ್ನು ವಿರೋಧಿಸಿ ರೈತ ಸಂಘಟನೆಗಳೂ ದಲಿತ ಸಂಘಟನೆಗಳೂ ಒಟ್ಟಾಗಿ ಬೆಂಗಳೂರಿನಲ್ಲಿ ಬೀದಿಗಿಳಿದವು.