ಬೀಡಿ ಕಟ್ಟಿದ ಕೈಗೆ ಪಿಂಚಣಿ: ತೆಗೆಯುವುದೋ, ಇಡುವುದೋ?



ಈವತ್ತು ಅಡಿಕೆಯ ಕೊಳೆರೋಗದ ಮಾತಲ್ಲ, ಬಿತ್ತನೆಯ ಮಾತೂ ಅಲ್ಲ. ಮನೆಯ ಜಗಲಿಯಲ್ಲಿ ಕೂತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ಅಕ್ಕಂದಿರ ಹಣದ ಮಾತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆ ಎಷ್ಟೋ ಒಕ್ಕಲು ಮನೆಗಳನ್ನು ಮಳೆಗಾಲ ದಾಟಿಸಿದ್ದು ಈ ಬೀಡಿಯೇ. ತೋಟದ ಯಜಮಾನರಿಗೆ ಪಿಂಚಣಿ ಇಲ್ಲ. ಬೀಡಿ ಕಟ್ಟಿದ ಅವರ ಹೆಂಡತಿಗೆ ಉಂಟು. ಈ ಸಂಗತಿ ಮನೆಯವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮಗ ಹೇಳುತ್ತಾನೆ: “ಅಮ್ಮಾ, ಆ ಪಿ.ಎಫ್. ಪೂರಾ ತೆಗೆದರೆ ಬೋರಿಗೆ ಆಗ್ತದೆ. ಅಲ್ಲಿ ಸುಮ್ಮನೆ ಬಿದ್ದುಕೊಂಡು ಎಂತ ಪ್ರಯೋಜನ?” ತಾಯಿ ಕಾಗದಕ್ಕೆ ರುಜು ಹಾಕುತ್ತಾರೆ. ಬೋರು ತೆಗೆಸಬೇಡಿ ಎಂದು ನಾನು ಹೇಳುವುದಿಲ್ಲ. ರುಜು ಹಾಕುವ ಮೊದಲು ಒಂದು ಲೆಕ್ಕ ಮಾಡಿ ಎನ್ನುತ್ತೇನೆ, ಅಷ್ಟೆ.

ಮೊದಲು ತಿಳಿಯಬೇಕಾದದ್ದು, ಅಲ್ಲಿರುವುದು ಒಂದು ಗಂಟಲ್ಲ, ಎರಡು. ಬೀಡಿ ಉದ್ದಿಮೆಯಲ್ಲಿ ಕೂಲಿಯ ನೂರಕ್ಕೆ 10 ರೂಪಾಯಿ ನಿಮ್ಮಿಂದ ಮುರಿದು ಭವಿಷ್ಯ ನಿಧಿಗೆ ಹಾಕುತ್ತಾರೆ. ಮಾಲಿಕರೂ ಅಷ್ಟೇ ಹಾಕಬೇಕು. ಆದರೆ ಮಾಲಿಕರ ಆ ಹತ್ತರಲ್ಲಿ 8 ರೂಪಾಯಿ 33 ಪೈಸೆ ಪಿಂಚಣಿಯ ಗಂಟಿಗೆ ಹೋಗುತ್ತದೆ. ಉಳಿದ 1 ರೂಪಾಯಿ 67 ಪೈಸೆ ಮಾತ್ರ ನಿಮ್ಮ ನಿಧಿಗೆ ಸೇರುತ್ತದೆ. ನಿಧಿಯ ಹಣ ನಿಮ್ಮದೇ, ಬಡ್ಡಿ ಸಮೇತ ಕೈಗೆ ಬರುತ್ತದೆ. ಪಿಂಚಣಿಯ ಗಂಟು ಹಾಗಲ್ಲ. ಅಲ್ಲಿ ನೋಡುವುದು ಹಣವನ್ನಲ್ಲ, ವರ್ಷಗಳನ್ನು. 1995ರ ನವೆಂಬರ್ 16ರಿಂದ ನಡೆದುಬಂದ ಈ ಯೋಜನೆಯಲ್ಲಿ 10 ವರ್ಷದ ಸೇವೆ ತುಂಬಿದವರಿಗೆ 58ನೇ ವಯಸ್ಸಿನಿಂದ ಬದುಕಿರುವ ತನಕ ಪಿಂಚಣಿ. ಅವರ ನಂತರ ಗಂಡನಿಗೂ ಒಂದು ಪಾಲು ಉಂಟು.

ಎಡವುವುದು ಎಲ್ಲಿ ಎಂದರೆ, ಈ ಹತ್ತು ತುಂಬುವ ಮೊದಲು. ಎಂಟೋ ಒಂಬತ್ತೋ ವರ್ಷ ಕಟ್ಟಿದ ಮೇಲೆ ಬ್ರಾಂಚ್ ಮುಚ್ಚುತ್ತದೆ, ಇಲ್ಲವೇ ಸೊಂಟ ನೋವೆಂದು ಕೆಲಸ ಬಿಡುತ್ತಾರೆ. ಆಗ ‘10 ಸಿ’ ಎಂಬ ಅರ್ಜಿ ತುಂಬಬೇಕು. ಅದೇ ಅರ್ಜಿಯಲ್ಲಿ ಎರಡು ದಾರಿ ಇದೆ: ಪಿಂಚಣಿಯ ಹಣವನ್ನೂ ಹಿಂದೆ ಪಡೆಯುವುದು, ಅಥವಾ ‘ಸ್ಕೀಮ್ ಸರ್ಟಿಫಿಕೇಟ್’ ಪಡೆಯುವುದು. ಹಣ ಪಡೆದರೆ ಹೆಚ್ಚುಕಡಿಮೆ ವರ್ಷಕ್ಕೊಂದು ತಿಂಗಳ ಕೂಲಿಯಷ್ಟು ಸಿಗುತ್ತದೆ, ದುಡಿದ ವರ್ಷಗಳೆಲ್ಲ ಅಳಿಸಿಹೋಗುತ್ತವೆ. ಸರ್ಟಿಫಿಕೇಟ್ ಪಡೆದರೆ ಕೈಗೆ ಏನೂ ಬರುವುದಿಲ್ಲ, ಆದರೆ ವರ್ಷಗಳು ಉಳಿಯುತ್ತವೆ. ನಾಳೆ ಇನ್ನೊಂದು ಬ್ರಾಂಚಿಗೋ, ಪಿ.ಎಫ್. ಇರುವ ಗೇರುಬೀಜದ ಕಾರ್ಖಾನೆಗೋ ಸೇರಿದರೆ ಅಲ್ಲಿಂದ ಮುಂದಕ್ಕೆ ಎಣಿಕೆ ನಡೆಯುತ್ತದೆ.

ಲೆಕ್ಕವನ್ನೇ ನೋಡಿ. ತಿಂಗಳಿಗೆ 5,000 ರೂಪಾಯಿ ಕೂಲಿಯ ಅಕ್ಕ ಒಬ್ಬರು 9 ವರ್ಷಕ್ಕೆ ನಿಲ್ಲಿಸಿ ಹಣ ತೆಗೆದರು ಎನ್ನಿ. ಸುಮಾರು 46,000 ಬಂದೀತು. ಇನ್ನೊಂದು ವರ್ಷ ಎಳೆದಿದ್ದರೆ? ಪಿಂಚಣಿಯ ಸೂತ್ರ ಇಷ್ಟೇ: ಕೊನೆಯ 60 ತಿಂಗಳ ಸರಾಸರಿ ಕೂಲಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಐದು ಸಾವಿರ, ಹತ್ತು ವರ್ಷ ಎಂದರೆ 714 ರೂಪಾಯಿ. ಆದರೆ 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ 1,000 ಎಂದು ಗೊತ್ತುಮಾಡಿದ್ದಾರೆ. ವರ್ಷಕ್ಕೆ 12,000 ಆಯಿತಲ್ಲ? ಆ 46,000 ನಾಲ್ಕು ವರ್ಷದೊಳಗೆ ತಿರುಗಿ ಬಂತು, ಅಲ್ಲಿಂದಾಚೆಯದೆಲ್ಲ ಮೇಲೆ. ಸಾವಿರ ರೂಪಾಯಿ ಇಂದಿನ ದಿನದಲ್ಲಿ ಬಹಳ ಕಡಿಮೆ, ಒಪ್ಪುತ್ತೇನೆ. ಆದರೂ ಮಾತ್ರೆಗೆ, ಬಸ್ಸಿಗೆ ಸೊಸೆಯ ಮುಂದೆ ಕೈ ಚಾಚದ ಸಾವಿರ ಅದು.

50 ವರ್ಷ ದಾಟಿದವರು, ಕೆಲಸ ಬಿಟ್ಟಿದ್ದು ಹತ್ತು ವರ್ಷ ತುಂಬಿದ್ದರೆ, ಮುಂಚಿತವಾಗಿಯೇ ಪಿಂಚಣಿ ಕೇಳಬಹುದು. 58ಕ್ಕೆ ಎಷ್ಟು ವರ್ಷ ಬಾಕಿಯೋ, ವರ್ಷಕ್ಕೆ ನೂರಕ್ಕೆ 4ರಂತೆ ಇಳಿಯುತ್ತದೆ, ಮತ್ತೆ ಏರುವುದಿಲ್ಲ. ತೀರಾ ಅಡಚಣೆ ಇಲ್ಲದಿದ್ದರೆ ಕಾಯುವುದೇ ಮೇಲು. 2025ರ ಅಕ್ಟೋಬರಿನಲ್ಲಿ ನಿಧಿಯ ಕೇಂದ್ರ ಮಂಡಳಿ, ಕೆಲಸ ಬಿಟ್ಟ ಎರಡು ತಿಂಗಳಿಗೇ ಪಿಂಚಣಿಯ ಹಣ ತೆಗೆಯುವ ಪದ್ಧತಿ ಬಿಟ್ಟು 36 ತಿಂಗಳು ಕಾಯಬೇಕೆಂದು ತೀರ್ಮಾನಿಸಿತು. ಆದ್ದರಿಂದ ಅರ್ಜಿ ಹಾಕುವ ದಿನ ಯಾವ ನಿಯಮ ನಡೆಯುತ್ತದೆ ಎಂದು ಮಂಗಳೂರಿನ ಭವಿಷ್ಯ ನಿಧಿ ಕಚೇರಿಯಲ್ಲಿ ಕೇಳಿ. ಬ್ರಿಟನ್ ದೇಶದಲ್ಲಿ 2015ರ ಏಪ್ರಿಲಿನಿಂದ 55 ದಾಟಿದವರು ಕೂಡಿಟ್ಟ ಪಿಂಚಣಿ ಹಣವನ್ನು ಒಟ್ಟಿಗೇ ತೆಗೆಯಬಹುದೆಂದು ಬಿಟ್ಟಾಗ, ಮೊದಲು ಕೇಳಿಕೊಂಡು ಹೋಗಲಿ ಎಂದು ಅಲ್ಲಿನ ಸರಕಾರವೇ ಪುಕ್ಕಟೆ ಸಲಹೆಯ ಏರ್ಪಾಡು ಮಾಡಿತು. ಓದು ಬಲ್ಲವರಿಗೂ ಕೇಳುವುದು ಬೇಕಾಯಿತು. ನಮಗೆ ನಾಚಿಕೆ ಏಕೆ?

ಇನ್ನು ನಿಧಿಯ ಗಂಟು. ಬೋರಿಗೆ, ಮಗಳ ಮದುವೆಗೆ ಅದೇ ಹೋಗುವುದು ವಾಡಿಕೆ. ಎರಡು ಲಕ್ಷ ಬಂದರೆ, 60 ದಾಟಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯದಲ್ಲಿ ಇಡಬಹುದು. 2023ರ ಏಪ್ರಿಲಿನಲ್ಲಿ ಗೊತ್ತುಮಾಡಿದ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 4,100 ರೂಪಾಯಿ, ಅಸಲು ಹಾಗೆಯೇ. ಪೂರ್ತಿ ಇಡಲಾಗದಿದ್ದರೆ ಅರ್ಧವಾದರೂ ತಾಯಿಯ ಹೆಸರಿನಲ್ಲೇ ಇರಲಿ. ಬೋರಿನಲ್ಲಿ ನೀರು ಬಂದೀತು, ಬಾರದಿದ್ದೀತು.

ಬೀಡಿ ಕಟ್ಟದ ಮನೆಯ ಕಿರಿಯರಿಗೂ ಒಂದು ಮಾತು. 2015ರಲ್ಲಿ ಬಂದ ಅಟಲ್ ಪಿಂಚಣಿಗೆ 18ರಿಂದ 40 ವರ್ಷದೊಳಗೆ ಸೇರಬೇಕು. ಆದಾಯ ತೆರಿಗೆ ಕಟ್ಟುವವರಿಗೆ ಅದು ಇಲ್ಲ. 60ರ ಮೇಲೆ ಸಾವಿರ ಬೇಕೆಂದರೆ ಹದಿನೆಂಟಕ್ಕೆ ಸೇರಿದವರು ತಿಂಗಳಿಗೆ 42 ರೂಪಾಯಿ ಕಟ್ಟಬೇಕು, ನಲವತ್ತಕ್ಕೆ ಸೇರಿದವರು 291.

ಕೊನೆಗೊಂದು ಸಣ್ಣ ತೊಡಕು. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಬೇಕು. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಹಿಡಿಯುವುದಿಲ್ಲ. ಗಾಬರಿ ಬೇಡ; ಮೊಬೈಲಿನಲ್ಲಿ ಮುಖ ತೋರಿಸಿಯೂ ಜೀವಂತ ಪ್ರಮಾಣಪತ್ರ ಮಾಡಬಹುದು. ಆದರೆ ಆಧಾರಿನ ಹೆಸರು, ಹುಟ್ಟಿದ ದಿನ ಮತ್ತು ಪಿ.ಎಫ್. ದಾಖಲೆಯಲ್ಲಿರುವುದು ಒಂದೇ ಇರಬೇಕು. ಒಂದರಲ್ಲಿ ತವರುಮನೆಯ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು ಇದ್ದರೆ 58 ಆಗುವ ತನಕ ಕಾಯಬೇಡಿ. ಈ ವಾರವೇ ಎರಡನ್ನೂ ಚಾಪೆಯ ಮೇಲೆ ಇಟ್ಟುಕೊಂಡು, ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿ ನೋಡಿ.