ಇಳಿಜಾರು ತೋಟದಲ್ಲಿ ಮಿನಿ ಟ್ರಾಕ್ಟರ್: ಹಿಡಿತವೊಂದೇ ಸಾಲದು



ಮಲೆನಾಡಿನಲ್ಲಿ ಕಳೆ ತೆಗೆಯಲು ಆಳು ಸಿಗುವುದು ಕಷ್ಟವಾಗುತ್ತಾ ಬಂದಂತೆ ತೋಟದೊಳಗೆ ಮಿನಿ ಟ್ರಾಕ್ಟರ್ ಕಾಲಿಟ್ಟಿದೆ. ಹಿಂದೆ ಸ್ಲಾಷರ್ ಕಟ್ಟಿಕೊಂಡು ತೆಂಗು, ಅಡಿಕೆ, ಮಾವಿನ ಸಾಲುಗಳ ನಡುವೆ ಹುಲ್ಲು ಹೊಡೆಯುತ್ತದೆ. ಮಳೆ ಹಿಡಿಯಿತೆಂದರೆ ಬೆಳೆಗಾರರು ಕೇಳುವ ಮೊದಲ ಪ್ರಶ್ನೆ: ಚಕ್ರ ಜಾರುತ್ತದೆ, ಏನು ಮಾಡೋಣ? ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೊಂದನ್ನೇ ಕೇಳಿ ಸುಮ್ಮನಾದರೆ ಅಪಾಯವಿದೆ. ಈ ಮಾತನ್ನು ಸಂಕಿರಣದ ಆರಂಭದಲ್ಲೇ ಒತ್ತಿ ಹೇಳಬೇಕೆಂದು ಬಂದಿದ್ದೇನೆ.

ಇಳಿಜಾರಿಗೆ ಅಡ್ಡಲಾಗಿ ಹೋಗುವ ಗಾಡಿ ಮಿತಿ ಮೀರಿದಾಗ ಒಂದೋ ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ಮಗುಚುತ್ತದೆ. ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ ಎಷ್ಟು, ಚಕ್ರಗಳ ನಡುವಿನ ಅಗಲಕ್ಕೆ ಹೋಲಿಸಿದರೆ ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಯಾವುದು ಮೊದಲು ಎನ್ನುವುದು ತೀರ್ಮಾನವಾಗುತ್ತದೆ. ಘರ್ಷಣೆ ಕಡಿಮೆಯಿದ್ದರೆ ಗಾಡಿ ಜಾರುತ್ತದೆ, ಚಾಲಕನ ಎದೆ ಝಲ್ಲೆನ್ನುತ್ತದೆ, ಆ ಜಾಗಕ್ಕೆ ಆತ ಮತ್ತೆ ಹೋಗುವುದಿಲ್ಲ. ಈಗ ಆಳವಾದ ಹಲ್ಲಿನ ಟೈರು ಹಾಕಿ, ಸರಪಳಿ ಸುತ್ತಿ ಘರ್ಷಣೆಯನ್ನಷ್ಟೇ ಹೆಚ್ಚಿಸಿದೆವು ಅನ್ನಿ. ಅದೇ ಗಾಡಿ ಇನ್ನೂ ಕಡಿದಾದ ಕಡೆಗೆ ಧೈರ್ಯವಾಗಿ ಹೋಗುತ್ತದೆ. ಜಾರಿ ಎಚ್ಚರಿಸುವ ಬದಲು ನೇರವಾಗಿ ಮಗುಚುತ್ತದೆ. ಹೀಗಾಗಿ ಹಿಡಿತ ಹೆಚ್ಚಿಸುವ ಯಾವುದೇ ಉಪಾಯ ಸ್ಥಿರತೆಗೆ ಏನು ಮಾಡುತ್ತದೆ ಎಂಬುದನ್ನೂ ಜೊತೆಜೊತೆಗೇ ಅಳೆಯಬೇಕು. ಇದು ನನ್ನ ಆಶಯ.

ಅಳತೆ ನೆಲದಿಂದಲೇ ಶುರುವಾಗಲಿ. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 15 ಡಿಗ್ರಿ. ಕಣ್ಣಂದಾಜಿಗೆ ಇದು ಸಿಗುವುದಿಲ್ಲ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ತಾಗಿಸಿ, ಮೇಲೆ ಮೇಸ್ತ್ರಿಯ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಎತ್ತಿದ ತುದಿಯಿಂದ ನೆಲಕ್ಕೆ 27 ಸೆಂಟಿಮೀಟರ್ ಬಂದರೆ ಅದು 15 ಡಿಗ್ರಿ. ಐದು ನಿಮಿಷದ ಕೆಲಸ. ಪ್ರತಿ ತೋಟದಲ್ಲೂ ಒಮ್ಮೆ ಇದನ್ನು ಮಾಡಿ, ಮಿತಿ ಮೀರಿದ ತಟ್ಟುಗಳ ಅಂಚಿನ ಮರಗಳಿಗೆ ಬಣ್ಣ ಬಳಿದರೆ ಹೊಸ ಚಾಲಕನಿಗೂ ಗೊತ್ತಾಗುತ್ತದೆ.

ಆದರೆ ಅಳೆದ ಕೋನವೇ ಗಾಡಿಯ ಕೋನವಾಗಿ ಉಳಿಯುವುದಿಲ್ಲ. ಚಕ್ರಗಳ ನಡುವೆ 80 ಸೆಂಟಿಮೀಟರ್ ಅಗಲವಿರುವ ಗಾಡಿಯ ಕೆಳಬದಿಯ ಚಕ್ರಗಳು 10 ಸೆಂಟಿಮೀಟರ್ ಆಳದ ತಗ್ಗಿಗೆ ಇಳಿದರೆ ವಾಲುವಿಕೆ ಏಳು ಡಿಗ್ರಿ ಹೆಚ್ಚುತ್ತದೆ. 15 ಇದ್ದದ್ದು ಕ್ಷಣದಲ್ಲಿ 22 ಆಯಿತು. ಅದೇ ಹೊತ್ತಿಗೆ ಮೇಲ್ಬದಿಯ ಚಕ್ರ ಒಂದು ಹಳೆಯ ಬುಡ ಹತ್ತಿದರೆ ಇನ್ನೂ ಹೆಚ್ಚು. ಹುಲ್ಲು ಹೊಡೆಯುವ ಕೆಲಸದಲ್ಲಿ ಇದು ವಿಶೇಷವಾಗಿ ಕಾಡುತ್ತದೆ, ಏಕೆಂದರೆ ನೆಲ ಕಾಣುವುದು ಹುಲ್ಲು ಹೊಡೆದ ಮೇಲೆಯೇ. ಹೆಗ್ಗಣದ ಬಿಲ, ಮುಚ್ಚಿಹೋದ ಬಸಿಗಾಲುವೆ, ಸತ್ತ ಮರದ ಗುಂಡಿ ಎಲ್ಲವೂ ಸೊಂಟದೆತ್ತರದ ಹಸಿರಿನ ಕೆಳಗೆ ಅಡಗಿರುತ್ತವೆ. ಮೊದಲು ನಡೆದು ನೋಡಿ ಕೋಲು ನೆಡುವುದಕ್ಕೆ ಪರ್ಯಾಯವಿಲ್ಲ.

ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬೇಕು. ಟ್ರಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತದೆ. ಆದ್ದರಿಂದ ನಾಲ್ಕು ಚಕ್ರ ಕಂಡರೂ ವಾಲತೊಡಗಿದ ಹೊತ್ತಿಗೆ ಗಾಡಿಯ ದೇಹಕ್ಕೆ ಆಧಾರ ಹಿಂದಿನ ಎರಡು ಚಕ್ರ ಮತ್ತು ಆ ಪಿನ್ ಸೇರಿದ ತ್ರಿಕೋನ. ಮುಂದಿನ ಚಕ್ರಗಳನ್ನು ಎಷ್ಟೇ ಅಗಲಿಸಿದರೂ ಆರಂಭದ ವಾಲುವಿಕೆಯನ್ನು ಅವು ತಡೆಯುವುದಿಲ್ಲ. ಅಗಲಿಸಬೇಕಾದದ್ದು ಹಿಂದಿನವನ್ನು. ಅನೇಕ ಟ್ರಾಕ್ಟರುಗಳಲ್ಲಿ ಹಿಂದಿನ ರಿಮ್ಮನ್ನು ತಿರುಗಿಸಿ ಹಾಕಿದರೆ ಅಗಲ ಹೆಚ್ಚುತ್ತದೆ. ಸಾಲಿನ ಅಂತರ ಸಾಕಷ್ಟಿದ್ದೂ ಅದನ್ನು ಮಾಡದ ತೋಟಗಳೇ ಹೆಚ್ಚು.

ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ನನಗೆ ಬಹಳ ಮೆಚ್ಚಿನ ಉಪಾಯ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ತಿರುಗಿಸಿ ವಾಲ್ವಿನ ಮಟ್ಟಕ್ಕೆ ತುಂಬಿಸಿ, ಉಳಿದ ಜಾಗಕ್ಕೆ ಗಾಳಿ ಹಿಡಿಸಿದರಾಯಿತು. ತೂಕ ಹೆಚ್ಚಿ ಹಿಡಿತ ಬರುತ್ತದೆ. ಆ ತೂಕ ತಗ್ಗಿನಲ್ಲಿರುವುದರಿಂದ ಗುರುತ್ವ ಕೇಂದ್ರವೂ ಕೆಳಗಿಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ತೂಕಕ್ಕೆಂದು ಮಡ್‌ಗಾರ್ಡಿನ ಮೇಲೆ ಆಳನ್ನು ಕೂರಿಸುವ ರೂಢಿ. ಅದರಿಂದ ತೂಕ ಮೇಲೇರುತ್ತದೆ, ಗಾಡಿ ವಾಲಿದರೆ ಚಕ್ರದಡಿಗೆ ಮೊದಲು ಬೀಳುವವನೂ ಅವನೇ. ಈ ರೂಢಿ ನಿಲ್ಲಲೇಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಇಳಿಯುವಾಗಿನ ಅಪಾಯವನ್ನು ನಾವು ಕಡೆಗಣಿಸುತ್ತೇವೆ. ಟ್ರಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ಸರಿದು ಆ ಚಕ್ರಗಳೇ ಹಗುರಾಗಿರುತ್ತವೆ. ಒದ್ದೆ ಹುಲ್ಲಿನ ಮೇಲೆ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ, ಅದು ಇನ್ನೂ ಕೆಟ್ಟದ್ದು. ಇಳಿಯುವ ಮೊದಲೇ ಕೆಳಗಿನ ಗೇರು ಹಾಕಬೇಕು, ನಡುವೆ ಕ್ಲಚ್ ಮುಟ್ಟಬಾರದು, ಎಡಬಲ ಬ್ರೇಕ್ ಪೆಡಲ್‌ಗಳ ಕೊಂಡಿ ಹಾಕಿರಬೇಕು. ನಾಲ್ಕು ಚಕ್ರ ಚಾಲನೆಯ ಗಾಡಿಯಾದರೆ ಅದನ್ನು ಇಳಿಯುವಾಗಲೂ ಬಿಡಿಸಬಾರದು; ಎಂಜಿನ್ನಿನ ತಡೆ ಆಗ ಮುಂದಿನ ಚಕ್ರಗಳಿಗೂ ಸಿಗುತ್ತದೆ. ಏರುವಾಗ ಕ್ಲಚ್ ಥಟ್ಟನೆ ಬಿಟ್ಟರೆ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುವುದಕ್ಕೆ ಎರಡು ಸೆಕೆಂಡೂ ಬೇಡ. ಅಷ್ಟರಲ್ಲಿ ಹಾರಿ ಪಾರಾಗುತ್ತೇನೆ ಎಂದು ಯಾರೂ ನಂಬಬಾರದು.

ಹಾಗಾಗಿಯೇ ಚಾಲಕನ ಹಿಂದೆ ನಿಲ್ಲುವ ರಕ್ಷಣಾ ಕಮಾನು ಬಂದದ್ದು. ಸ್ವೀಡನ್ 1959ರಲ್ಲೇ ಹೊಸ ಟ್ರಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಮುಂದಿನ ದಶಕಗಳಲ್ಲಿ ಬಹಳವಾಗಿ ಇಳಿಯಿತು. ನಮ್ಮ ತೋಟಗಳಲ್ಲಿ ಕಮಾನಿದ್ದರೂ ಕೊಂಬೆಗೆ ತಾಗುತ್ತದೆಂದು ಮಡಚುತ್ತಾರೆ, ತೆರೆದ ಜಾಗಕ್ಕೆ ಬಂದ ಮೇಲೂ ಎತ್ತುವುದಿಲ್ಲ. ಕಮಾನು ಎತ್ತಿದ್ದಾಗ ಬೆಲ್ಟ್ ಕಟ್ಟಬೇಕು, ಮಡಚಿದ್ದಾಗ ಕಟ್ಟಬಾರದು. ಈ ಎರಡು ಮಾತು ಸ್ಟೇರಿಂಗ್ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿರಬೇಕು.

ಇಲ್ಲಿರುವ ತಯಾರಕರನ್ನು, ಮಾರಾಟಗಾರರನ್ನು ಒಂದು ಕೇಳಿಕೊಳ್ಳುತ್ತೇನೆ. ಸ್ಲಾಷರ್ ಕಟ್ಟಿ, ಚಾಲಕ ಕೂತಾಗ ಗಾಡಿ ಎಷ್ಟು ಡಿಗ್ರಿಗೆ ವಾಲಬಲ್ಲದು ಎಂಬ ಅಂಕಿಯನ್ನು ಕೊಡಿ. ತರಬೇತಿ ನಡೆಸುವವರು ಒಣಗಿದ ಬಯಲನ್ನು ಬಿಟ್ಟು ಜುಲೈ ತಿಂಗಳ ಒದ್ದೆ ತೋಟಕ್ಕೆ ಬನ್ನಿ. 15 ಡಿಗ್ರಿ ಮೀರಿದ ತಟ್ಟುಗಳಲ್ಲಿ ಟ್ರಾಕ್ಟರ್ ಬಿಟ್ಟು ಹೆಗಲ ಮೇಲಿನ ಬ್ರಷ್ ಕಟರ್‌ನಿಂದಲೇ ಕೆಲಸ ಮಾಡಿಸಿದರೆ ತಗಲುವ ಹೆಚ್ಚುವರಿ ಖರ್ಚೆಷ್ಟು ಎಂಬ ಲೆಕ್ಕವನ್ನು ಸಂಶೋಧಕರು ಬೆಳೆಗಾರರ ಮುಂದಿಡಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಚಾಲಕರು ಮಾತಾಡಲಿದ್ದಾರೆ. ಯಾವ ತಿರುವಿನಲ್ಲಿ, ಯಾವ ಗೇರಿನಲ್ಲಿ ಗಾಡಿ ಕೈತಪ್ಪಿತೆಂದು ಅವರನ್ನು ವಿವರವಾಗಿ ಕೇಳಿ, ಬರೆದುಕೊಳ್ಳಿ.