ಹಿತ್ತಲ ಕೋಳಿ, ಕೇರಿಯ ಕೆಲಸ

(ಕೃಷ್ಣರಾಜನಗರ ತಾಲ್ಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಮೇಷ್ಟ್ರು ಆಡಿದ ಮಾತು)

ಇವತ್ತು ನಮ್ಮ ಮನೆ ಕೋಳಿಗಳ ಕತೆ ಹೇಳ್ತೀನಿ. ಅದರಲ್ಲಿ ನನ್ನ ತಪ್ಪೂ ಇದೆ.

ನಮ್ಮವ್ವ ಹಿತ್ತಲಲ್ಲಿ 14 ನಾಟಿ ಕೋಳಿ ಸಾಕಿದ್ದಳು. ಮೊಟ್ಟೆ ಮಾರಿದ ದುಡ್ಡು ಅವಳ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಮೊಮ್ಮಗಳ ನೋಟು ಪುಸ್ತಕ, ತನ್ನ ಕಾಲುನೋವಿನ ಎಣ್ಣೆ, ಎಲ್ಲಾ ಆ ಗಂಟಿನಿಂದಲೇ. ಅವಳು ಯಾರ ಮುಂದೆಯೂ ಕೈ ಚಾಚಬೇಕಾಗಿರಲಿಲ್ಲ.

ಒಂದು ದಿನ ಸಂತೆಯಿಂದ ಒಂದು ಹೇಂಟೆ ತಂದೆ. ನೋಡಲು ಚೆನ್ನಾಗಿಯೇ ಇತ್ತು. ಉಳಿದ ಕೋಳಿಗಳ ಜೊತೆ ಬಿಟ್ಟೆ. ನಾಲ್ಕೈದು ದಿನಕ್ಕೆ ಅದು ಮಂಕಾಯಿತು. ರೆಕ್ಕೆ ಜೋತು ಬಿತ್ತು. ಹಸಿರು ಬಣ್ಣದ ಭೇದಿ. ಬಾಯಿ ತೆರೆದು ಗೊರ ಗೊರ ಉಸಿರು. ಆಮೇಲೆ ಉಳಿದವಕ್ಕೂ ಬಂತು. ಒಂದು ಹುಂಜಕ್ಕೆ ಕತ್ತೇ ತಿರುಚಿಕೊಂಡಿತು. ವಾರದಲ್ಲಿ ಉಳಿದದ್ದು ಎರಡೇ ಕೋಳಿ.

"ಮಾರಿ ಬಂದೈತೆ ಕಣಪ್ಪ. ಹರಕೆ ಮರೆತಿದ್ದೆ" ಅಂತ ಅವ್ವ ಅತ್ತಳು.

ನಾನೇನು ಮಾಡಿದೆ ಗೊತ್ತೇ? ಸತ್ತ ಕೋಳಿಗಳನ್ನು ತಿಪ್ಪೆಗೆ ಎಸೆದೆ. ನಾಯಿಗಳು ಕೇರಿಯೆಲ್ಲಾ ಎಳೆದಾಡಿದವು. ಮುಂದಿನ ವಾರ ಪಕ್ಕದ ಮನೆ ಅಕ್ಕನ ಕೋಳಿಗಳೂ ಸತ್ತವು. ಆ ಅಕ್ಕ ಇಲ್ಲೇ ಮುಂದೆ ಕುಳಿತಿದ್ದಾರೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಪಶು ಆಸ್ಪತ್ರೆಯ ಡಾಕ್ಟರು ನೋಡಿ, "ಮೇಷ್ಟ್ರೇ, ಇದು ಕೊಕ್ಕರೆ ರೋಗ" ಎಂದರು. ಇದಕ್ಕೆ ರಾಣಿಖೇತ್ ರೋಗ ಎಂದೂ ಹೆಸರು. ರಾಣಿಖೇತ್ ಎಂಬುದು ಹಿಮಾಲಯದ ಒಂದು ಊರು. ನಮ್ಮ ದೇಶದಲ್ಲಿ 1927ರಲ್ಲಿ ಅಲ್ಲಿ ಈ ರೋಗ ಗುರುತಾಯಿತು. ಇದು ಕಣ್ಣಿಗೆ ಕಾಣದ ವೈರಾಣುವಿನಿಂದ ಬರುತ್ತದೆ. ಬಂದ ಮೇಲೆ ಔಷಧಿ ಇಲ್ಲ. ಬಾರದಂತೆ ತಡೆಯಲು ಲಸಿಕೆ ಇದೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಅದನ್ನು ತಯಾರಿಸುತ್ತಾರೆ.

ಮರಿಗೆ ಒಂದು ವಾರ ಆದಾಗ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ ಹಾಕಿಸಬೇಕು. 8 ವಾರಕ್ಕೆ ಚುಚ್ಚುಮದ್ದು. ಮುಂದೆ ಯಾವಾಗ ಎಂದು ಡಾಕ್ಟರನ್ನು ಕೇಳಬೇಕು. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಲಸಿಕೆ.

"ಹಾಗಾದರೆ ನಮ್ಮೂರಲ್ಲಿ ಯಾಕೆ ಹಾಕಿಸಲ್ಲ?" ಅಂತ ಕೇಳಬಹುದು. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಮನೆಯ 10 ಕೋಳಿಗೆ ಸೀಸೆ ತೆರೆದರೆ ಉಳಿದದ್ದು ದಂಡ. ಇಡೀ ಕೇರಿ ಸೇರಿದರೆ ಒಂದು ಹನಿಯೂ ದಂಡವಿಲ್ಲ. ರೋಗ ಮನೆಯಿಂದ ಮನೆಗೆ ಹೋಗುತ್ತದೆ. ಲಸಿಕೆಯೂ ಮನೆಯಿಂದ ಮನೆಗೆ ಹೋಗಬೇಕು.

ಇನ್ನು ಮೂರು ಮಾತು ನೆನಪಿಡಿ.

ಹೊಸ ಕೋಳಿ ತಂದರೆ 15 ದಿನ ಬೇರೆ ಮಂಕರಿಯಲ್ಲಿ ಇಡಿ.

ಕೋಳಿ ಸತ್ತರೆ ನಾಲೆಗೆ, ತಿಪ್ಪೆಗೆ ಎಸೆಯಬೇಡಿ. ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಕಾಯಿಲೆ ಕೋಳಿಯನ್ನು ಮಾರಬೇಡಿ, ಕೊಯ್ದು ತಿನ್ನಬೇಡಿ.

ತುಂಬಾ ಕೋಳಿ ಒಟ್ಟಿಗೆ ಸತ್ತರೆ, ಇಂಥದೇ ರೋಗ ಅಂತ ನಾವೇ ತೀರ್ಮಾನ ಮಾಡಬಾರದು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿತ್ತು. ಅದು ಮನುಷ್ಯರಿಗೂ ತಗಲಬಹುದು. ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಈಗ ನಿಮ್ಮ ಪುಸ್ತಕ ತೆಗೆಯಿರಿ. ನಿಮ್ಮ ಹೆಸರು ಬರೆಯಿರಿ. ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಅಂತ ಬರೆಯಿರಿ. ಎಲ್ಲರ ಲೆಕ್ಕ ಕೂಡಿಸೋಣ. ಆ ಪಟ್ಟಿ ಹಿಡಿದು ನಾಳೆ ಪಶು ಆಸ್ಪತ್ರೆಗೆ ಹೋಗೋಣ. ಡಾಕ್ಟರು ಹೇಳಿದ ತಾರೀಖನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯೋಣ.

ಮೊದಲ ಹೆಸರು ಪಕ್ಕದ ಮನೆ ಅಕ್ಕ ಬರೆಯಲಿ. ಅವರಿಗೆ ನಾನು ಎರಡು ಮರಿ ಕೊಡ್ತೀನಿ, ಲಸಿಕೆ ಹಾಕಿಸಿಯೇ ಕೊಡ್ತೀನಿ.